1972ರ ಮಹೀಂದ್ರಾ ಸಿಜೆ-3ಬಿ ಜೀಪಿಗೆ ಹೊಲಿಸಿದ ಕ್ಯಾನ್ವಾಸ್ ಹುಡ್ಡು: ಮೂರು ಮಳೆಗಾಲಗಳ ಬಳಕೆಯ ನಂತರ

ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ 1972ರ ಮಹೀಂದ್ರಾ ಸಿಜೆ-3ಬಿ ಜೀಪು ಇದೆ. ತಂದೆಯವರು 1984ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. 2020-21ರಲ್ಲಿ ನಾನು ಅದರ ಬಾಡಿಯನ್ನು ಚಾಸಿಯಿಂದ ಇಳಿಸಿ ಪೂರ್ತಿಯಾಗಿ ದುರಸ್ತಿ ಮಾಡಿಸಿದೆ. ಮೊದಲು ಹಾಕಿಸಿದ ರೆಕ್ಸಿನ್ ಹುಡ್ಡು ಒಂದೇ ಮಳೆಗಾಲಕ್ಕೆ ನಿರಾಶೆ ಮಾಡಿದ್ದರಿಂದ, 2022ರ ಏಪ್ರಿಲ್‌ನಲ್ಲಿ ಹಾಸನದ ಒಂದು ಸಣ್ಣ ಕುಶನ್ ಅಂಗಡಿಯಲ್ಲಿ ಹತ್ತಿಯ ಕ್ಯಾನ್ವಾಸಿನ ಹುಡ್ಡನ್ನು ಹೊಲಿಸಿದೆ. ಆ ಹುಡ್ಡು 2022, 2023 ಮತ್ತು 2024ರ ಮಳೆಗಾಲಗಳನ್ನು ಕಂಡಿದೆ. ಹಳೆಯ ಜೀಪಿಗೆ ಹುಡ್ಡು ಮಾಡಿಸಬೇಕೆಂದಿರುವವರಿಗೆ ಉಪಯೋಗವಾಗಲೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲು ವಾಹನದ ಬಗ್ಗೆ ಒಂದೆರಡು ಮಾತು. ಸಿಜೆ-3ಬಿ ಮೂಲತಃ ಅಮೆರಿಕದ ವಿಲ್ಲೀಸ್ ಕಂಪನಿಯ ವಿನ್ಯಾಸ. ಅಲ್ಲಿ 1953ರಿಂದ 1968ರವರೆಗೆ ತಯಾರಾದ ಈ ಮಾದರಿಯನ್ನು ನಮ್ಮಲ್ಲಿ ಮಹೀಂದ್ರಾ ಅದರ ನಂತರವೂ ಬಹಳ ವರ್ಷ ಮುಂದುವರಿಸಿತು. ಇದರ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿಯೂ ಇರುವುದರಿಂದ ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕೇವಲ 80 ಇಂಚು. ನಂತರ ಬಂದ ಮಹೀಂದ್ರಾದ ಎಂಎಂ540 ಜೀಪಿನಲ್ಲಿ ಅದು 91 ಇಂಚು. ಪೇಟೆಯಲ್ಲಿ ನನಗೆ ಸಿಕ್ಕ ಸಿದ್ಧ ಹುಡ್ಡುಗಳೆಲ್ಲ ಉದ್ದದ ಜೀಪುಗಳಿಗೆ ಕತ್ತರಿಸಿದಂಥವು. ಅವುಗಳನ್ನು ತಂದು ಮಡಿಸಿ, ಕತ್ತರಿಸಿ ಕೂರಿಸಬಹುದೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಹುಡ್ಡು ಸರಿಯಾಗಿ ಕೂರಬೇಕಾದರೆ ಅದರ ಕೆಳಗಿನ ಬಾಡಿ ಮೂಲೆಮಟ್ಟಕ್ಕೆ ಇರಬೇಕು. ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ, ನೆಲದ ತಗಡಿನಲ್ಲಿ ಮಾಡಿದ ಗುಳಿಯಲ್ಲಿ ಕೂತಿರುತ್ತದೆ. ಚಪ್ಪಲಿಯ ಕೆಸರು, ಕಾಫಿ ಎಲೆ, ಗೊಬ್ಬರದ ಪುಡಿ ಎಲ್ಲವೂ ಆ ಗುಳಿಗೆ ಇಳಿದು, ವರ್ಷವಿಡೀ ಒದ್ದೆಯಾಗಿದ್ದು, ತಗಡನ್ನು ತಿಂದುಹಾಕುತ್ತವೆ. ನಮ್ಮ ಜೀಪಿನ ಟ್ಯಾಂಕನ್ನು ಎತ್ತಿದಾಗ ಕೆಳಗೆ ತಗಡು ಉಳಿದೇ ಇರಲಿಲ್ಲ. ಬಣ್ಣದ ಪದರ ಮಾತ್ರ ಒಣಗಿದ ಎಲೆಯ ಹಾಗೆ ನಿಂತಿತ್ತು, ಬೆರಳು ತಾಗಿಸಿದರೆ ಮುರಿಯುತ್ತಿತ್ತು. ಮೊದಲು ಕೆಲಸ ವಹಿಸಿಕೊಂಡ ಗ್ಯಾರೇಜಿನವರು ನೆಲವನ್ನು ಕತ್ತರಿಸಿ ತೆಗೆಯುವ ಮುನ್ನ ಎರಡು ಬದಿಯ ಗೋಡೆಗಳನ್ನು ಅಡ್ಡಪಟ್ಟಿಯಿಂದ ಬಿಗಿಯಲಿಲ್ಲ. ನೆಲ ಹೋದ ಕೂಡಲೇ ಬಾಡಿಯ ಹಿಂಭಾಗ ಹೊರಕ್ಕೆ ತೆರೆದುಕೊಂಡಿತು. ಅದೇ ಸ್ಥಿತಿಯಲ್ಲಿ ಹೊಸ ತಗಡನ್ನು ವೆಲ್ಡ್ ಮಾಡಿದ್ದರಿಂದ ಮುಕ್ಕಾಲು ಇಂಚಿನ ವ್ಯತ್ಯಾಸ ಶಾಶ್ವತವಾಗಿ ಕೂತಿತು. ಬಣ್ಣ ಹೊಡೆದಾಗ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಹುಡ್ಡು ಹಾಕಿದಾಗ ಮಾತ್ರ ಬಲಗಡೆ ಬಟ್ಟೆ ಬಿಗಿಯಾಗಿಯೂ ಎಡಗಡೆ ಜೋಲಾಗಿಯೂ ನಿಂತಿತು. ಕೊನೆಗೆ ಬೇರೆ ಟಿಂಕರ್ ಒಬ್ಬರು ಆ ವೆಲ್ಡಿಂಗನ್ನು ಬಿಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು, ಆಂಗಲ್ ಕಟ್ಟಿ, ಮತ್ತೆ ಕೂಡಿಸಿದರು. ಹುಡ್ಡಿನ ಖರ್ಚಿಗಿಂತ ಈ ತಿದ್ದುಪಡಿಯ ಖರ್ಚೇ ಹೆಚ್ಚಾಯಿತು.

ರೆಕ್ಸಿನ್ ಹುಡ್ಡಿನ ತೊಂದರೆ ಹೊಲಿಗೆಯಿಂದಲೇ ಶುರುವಾಯಿತು. ರೆಕ್ಸಿನ್ ತಾನಾಗಿ ನೀರನ್ನು ಒಳಗೆ ಬಿಡುವುದಿಲ್ಲ, ನಿಜ. ಆದರೆ ಸೂಜಿ ಹೋದ ಪ್ರತಿಯೊಂದು ತೂತೂ ತೂತಾಗಿಯೇ ಉಳಿಯುತ್ತದೆ. ಆರಿದ್ರಾ ಮಳೆ ಹಿಡಿದ ಮೂರನೆಯ ದಿನಕ್ಕೆ ನಡುವಿನ ಜೋಡಣೆಯ ಉದ್ದಕ್ಕೂ ನೀರಿನ ಮಣಿಗಳು ಸಾಲಾಗಿ ನಿಂತು, ಜೀಪು ಗುಂಡಿಗೆ ಇಳಿದಾಗಲೆಲ್ಲ ಒಟ್ಟಿಗೆ ತಲೆಯ ಮೇಲೆ ಉದುರುತ್ತಿದ್ದವು. ಇದಕ್ಕಿಂತ ಕಷ್ಟದ ವಿಷಯ ಒಳಗಿನ ಹಬೆ. ಒದ್ದೆ ಬಟ್ಟೆಯ ನಾಲ್ಕು ಜನ ಕೂತರೆ ಅವರ ಉಸಿರಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ತಣ್ಣನೆಯ ರೆಕ್ಸಿನ್ ಒಳಮೈಗೆ ತಾಗಿ ಅದು ನೀರಾಗಿ ಇಳಿಯುತ್ತದೆ, ಮುಂದಿನ ಗಾಜು ಮಂಜಾಗುತ್ತದೆ. ಬಿಸಿಲೆ ಘಾಟಿಯ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಗಾಜು ಒರೆಸುವ ಬಟ್ಟೆ ಹಿಡಿದು ಬಂದ ಸಂಜೆಯೇ ಆ ಹುಡ್ಡನ್ನು ತೆಗೆಸಬೇಕೆಂದು ತೀರ್ಮಾನಿಸಿದೆ.

ಹಾಸನದ ಹೊಲಿಗೆಯವರು ಹಿಂದೆ ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದವರು. ನಾನು ಬಟ್ಟೆಯ ದಪ್ಪದ ಬಗ್ಗೆ ಕೇಳುತ್ತಿದ್ದರೆ ಅವರು, "ಬಟ್ಟೆ ಆಮೇಲೆ ನೋಡೋಣ ಸಾರ್, ಮೊದಲು ಕಂಬಿ ತೋರಿಸಿ" ಎಂದರು. ಹುಡ್ಡಿನ ಬಟ್ಟೆಯನ್ನು ಹೊರುವ ನಮ್ಮ ಹಳೆಯ ಕಂಬಿಗಳನ್ನು ನೋಡಿ, ಎರಡೂ ಬೇರೆ ಬೇರೆ ಎತ್ತರದಲ್ಲಿವೆ, ನಡುವೆ ನೀರು ನಿಲ್ಲುತ್ತದೆ ಎಂದು ಹೇಳಿ ಕೆಲಸ ಒಪ್ಪಿಕೊಳ್ಳದೆ ಕಳಿಸಿಬಿಟ್ಟರು. ಆ ದಿನ ಬೇಸರವಾದರೂ ಅವರು ಮಾಡಿದ ಅತ್ಯಂತ ದೊಡ್ಡ ಉಪಕಾರ ಅದೇ. ಒಂದು ಇಂಚಿನ 16 ಗೇಜ್ ಕಬ್ಬಿಣದ ಪೈಪಿನಲ್ಲಿ ಹೊಸ ಕಂಬಿಗಳನ್ನು ಮಾಡಿಸಿದೆವು. ಬಾಗಿಸುವಾಗ ಪೈಪು ಚಪ್ಪಟೆಯಾಗದಿರಲೆಂದು ಒಳಗೆ ಮರಳನ್ನು ಗಟ್ಟಿಯಾಗಿ ಜಡಿದು, ಎರಡು ತುದಿಗೂ ಮರದ ಬಿರಡೆ ಬಡಿದರು. ಬಿಸಿ ಮಾಡಿ ಬಾಗಿಸುವುದಾದರೆ ಮರಳು ಪೂರ್ತಿ ಒಣಗಿರಲೇಬೇಕು, ಏಕೆಂದರೆ ಒಳಗೆ ತೇವವಿದ್ದರೆ ಅದು ಆವಿಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ. ಮುಂದಿನ ಗಾಜಿನ ಚೌಕಟ್ಟಿನಿಂದ ಹಿಂದಿನ ಕಂಬಿಯವರೆಗೆ ಎರಡು ನೇಯ್ದ ಪಟ್ಟಿಗಳನ್ನು ಬಿಗಿಯಾಗಿ ಎಳೆದು ಕಟ್ಟಿದರು. ಚಾವಣಿಯ ಬಟ್ಟೆ ಜೋಲದೆ ಇರಲು ಇವೇ ಆಧಾರ.

ಬಟ್ಟೆ ಚದರ ಮೀಟರಿಗೆ 450 ಗ್ರಾಂ ತೂಗುವ, ಮೇಣದ ಲೇಪನವಿರುವ ಹತ್ತಿಯ ಕ್ಯಾನ್ವಾಸು. ಹತ್ತಿಯ ಗುಣವೇ ಇಲ್ಲಿ ಮುಖ್ಯ: ನೀರು ತಾಗಿದಾಗ ನೂಲು ಉಬ್ಬಿ ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ದಾರವಾಗಿ ಅವರು ಆರಿಸಿದ್ದು ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ಬಗೆ. ಒಳಗಿನ ಎಳೆ ಬೇಗ ಕೊಳೆಯುವುದಿಲ್ಲ, ಹೊರಗಿನ ಹತ್ತಿ ಉಬ್ಬಿ ಸೂಜಿಯ ತೂತನ್ನು ತುಂಬುತ್ತದೆ. ಪ್ರತಿ ಜೋಡಣೆಯಲ್ಲೂ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿಗೆ ಹಾಕಿದ್ದಾರೆ, ಮತ್ತು ಆ ಮಡಿಕೆಗಳನ್ನು ಮಂಗಳೂರು ಹೆಂಚು ಹೊದೆಸಿದ ಹಾಗೆ, ಮೇಲಿನದು ಕೆಳಗಿನದರ ಮೇಲೆ ಬರುವಂತೆ ಇಳಿಜಾರಿಗೆ ಮುಖ ಮಾಡಿಸಿದ್ದಾರೆ. ಹೊಸ ಹುಡ್ಡನ್ನು ಜೀಪಿನ ಮೇಲೆಯೇ ಮೂರು ಬಾರಿ ಪೂರ್ತಿ ನೆನೆಸಿ, ಪೂರ್ತಿ ಒಣಗಿಸಿದ ಮೇಲೆಯೇ ಅಂಚಿನ ಗುಂಡಿಗಳನ್ನು ಕೂರಿಸಿದರು. ಕ್ಯಾನ್ವಾಸು ಮೊದಲ ನೆನೆತದಲ್ಲಿ ಕುಗ್ಗುವುದರಿಂದ, ಈ ಕ್ರಮ ತಪ್ಪಿದರೆ ಗುಂಡಿ ಮತ್ತೆ ಕೂಡುವುದಿಲ್ಲ.

ಬಣ್ಣ ಆರಿಸುವಾಗ ಒಂದು ಎಚ್ಚರಿಕೆ. ಹಳೆಯ ಜೀಪೆಂದರೆ ಎಲ್ಲರಿಗೂ ಸೇನೆಯ ಹಸಿರು ಬಣ್ಣವೇ ನೆನಪಾಗುತ್ತದೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ನಮ್ಮ ಜೀಪಿನ ಬಾಡಿ ಬೂದು ಬಣ್ಣದ್ದು, ಹುಡ್ಡು ಖಾಕಿ.

ಈಗ ಫಲಿತಾಂಶ. ಚಾವಣಿಯ ಜೋಡಣೆಗಳಿಂದ ಮೂರು ಮಳೆಗಾಲಗಳಲ್ಲಿ ಒಂದು ಹನಿಯೂ ಒಳಗೆ ಬಿದ್ದಿಲ್ಲ. ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗಲೂ ಬಟ್ಟೆ ಒಳಗಡೆ ತಣ್ಣಗಿತ್ತೇ ಹೊರತು ಸೋರಲಿಲ್ಲ. ಗಾಜು ಮಂಜಾಗುವುದು ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿದೆ. ಒಂದು ಮಾತನ್ನು ಕೂತವರಿಗೆಲ್ಲ ಹೇಳಬೇಕಾಗುತ್ತದೆ: ನೆನೆದ ಕ್ಯಾನ್ವಾಸಿನ ಒಳಮೈಯನ್ನು ಮುಟ್ಟಬಾರದು, ತಲೆಯನ್ನೂ ತಾಗಿಸಬಾರದು. ಮುಟ್ಟಿದ ಕಡೆ ನೀರು ದಾರಿ ಹಿಡಿದು ಒಳಗೆ ಜಿನುಗುತ್ತದೆ.

ಕೊರತೆಗಳೂ ಇವೆ. ಹುಡ್ಡಿನ ಮುಂದಿನ ಅಂಚು ಗಾಜಿನ ಚೌಕಟ್ಟಿಗೆ ಸೇರುವ ಬಲ ಮೂಲೆಯಲ್ಲಿ ಗಾಳಿಮಳೆ ಎದುರಾದರೆ ನೀರು ನುಗ್ಗಿ ನೇರವಾಗಿ ಚಾಲಕನ ಮೊಣಕಾಲ ಮೇಲೆ ಬೀಳುತ್ತದೆ; ಒಳಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ಅರ್ಧದಷ್ಟು ಕಡಿಮೆಯಾಯಿತು, ಅಷ್ಟೇ. ನೆನೆದ ಹುಡ್ಡು ಭಾರವಾಗುವುದರಿಂದ ಒಬ್ಬರೇ ಮಡಿಚಿ ಇಳಿಸುವುದು ಆಗದ ಕೆಲಸ. 2023ರಲ್ಲಿ ಅರೆಒಣಗಿದ ಪಕ್ಕದ ಪರದೆಗಳನ್ನು ಸುತ್ತಿ ಒಂದು ವಾರ ಕಣದ ಶೆಡ್ಡಿನಲ್ಲಿಟ್ಟ ತಪ್ಪಿಗೆ ಮಡಿಕೆಯಲ್ಲಿ ಬೂಷ್ಟು ಹಿಡಿದು ಕಪ್ಪು ಕಲೆ ಉಳಿದಿದೆ. ಮೆದು ಬ್ರಷ್ಷಿನಿಂದ ಬರೀ ನೀರಲ್ಲಿ ಉಜ್ಜಬೇಕು. ಸೋಪಿನ ಪುಡಿ ಹಾಕಿದರೆ ಮೇಣವೂ ಹೋಗುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ ಜೋಡಣೆಗಳ ಮೇಲೆ ಮೇಣವನ್ನು ಮತ್ತೆ ತಿಕ್ಕುತ್ತೇನೆ, ಅರ್ಧ ದಿನದ ಕೆಲಸ.

ಕಂಬಿ, ಬಟ್ಟೆ, ಹೊಲಿಗೆ ಎಲ್ಲ ಸೇರಿ 34,000 ರೂಪಾಯಿ ಆಯಿತು. ರೆಕ್ಸಿನ್ನಿಗೆ ಕೊಟ್ಟಿದ್ದು 11,000. ಮೂರು ಪಟ್ಟು ಹೆಚ್ಚೆಂಬುದು ನಿಜ, ಆದರೂ ಈ ಹಣಕ್ಕೆ ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಜೀಪಿಗೆ 50 ವರ್ಷ ತುಂಬಿದ್ದರಿಂದ, 2021ರ ನಿಯಮದಂತೆ ವಿಂಟೇಜ್ ನೋಂದಣಿ ಏಕೆ ಮಾಡಿಸಲಿಲ್ಲ ಎಂದು ಹಲವರು ಕೇಳುತ್ತಾರೆ. ಆ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ. ನಮ್ಮದು ವಾರಕ್ಕೆ ಮೂರು ದಿನ ಗೊಬ್ಬರ, ಡೀಸೆಲ್ ಕ್ಯಾನು, ಕೆಲಸದವರ ಊಟ ಹೊರುವ ಜೀಪು. ಹಾಗಾಗಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಬರುತ್ತಿದ್ದೇನೆ.

ಹಿಂಬದಿಯ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ಕು ಹಳದಿಗಟ್ಟಿ, ಮಡಿಚುವ ಗೆರೆಯಲ್ಲಿ ಬಿರುಕು ಬಿಟ್ಟಿದೆ. ಇದನ್ನು ರೋಹಿಣಿ ಮಳೆಗೆ ಮುಂಚೆ ಬದಲಿಸಬೇಕು. ಕಳೆದ ವಾರ ಫೋನ್ ಮಾಡಿದಾಗ ಹೊಲಿಗೆಯವರು ಅಳತೆ ಬೇಡ, ಜೀಪೂ ಬೇಡ, ಆ ಒಂದು ತುಂಡನ್ನು ಬಿಚ್ಚಿ ಬಸ್ಸಿಗೆ ಹಾಕಿ ಕಳಿಸಿದರೆ ಸಾಕು ಎಂದರು. ಹುಡ್ಡು ಕತ್ತರಿಸಿದ ಕಂದು ಕಾಗದದ ಅಚ್ಚುಗಳನ್ನು ಪೆನ್ಸಿಲಿನಲ್ಲಿ ನಮ್ಮ ಜೀಪಿನ ನಂಬರು ಬರೆದು, ಸುರುಳಿ ಸುತ್ತಿ, ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದಾರಂತೆ.