ಆರು ವರ್ಷ ಬಳಸಿದ ಮೇಲೆ ಬುಲೆಟ್ ಗುಂಡಿಯನ್ನು ಒತ್ತುವುದನ್ನೇ ಬಿಟ್ಟೆ

ಆರು ವರ್ಷಗಳಿಂದ ಒಂದೇ ವರ್ಡ್ ಪ್ರೊಸೆಸರ್‌ನಲ್ಲಿ ತರಬೇತಿ ಕೈಪಿಡಿಗಳನ್ನು ತಿದ್ದುತ್ತಿದ್ದೇನೆ. ಡಾಕ್ಸ್ (.docx) ಕಡತ ಬರೆಯುವ ತಂತ್ರಾಂಶಗಳಲ್ಲಿ ಇದೂ ಒಂದು. ಕಾಗುಣಿತ ಪರೀಕ್ಷೆ, ಪರಿವಿಡಿ, ಅಡಿಟಿಪ್ಪಣಿಗಳ ಬಗ್ಗೆ ನನ್ನ ತಕರಾರಿಲ್ಲ, ಹೇಳಿದಂತೆ ಕೇಳುತ್ತವೆ. ನಿದ್ದೆ ಕೆಡಿಸಿದ್ದು ಪಟ್ಟಿಯ ಸಾಲಿನ ಮುಂದೆ ಕೂರುವ ಆ ಕಪ್ಪು ಚುಕ್ಕೆ, ಅಂದರೆ ಬುಲೆಟ್.

ಮೊದಲ ವರ್ಷವೆಲ್ಲ ಜಗಳವೇ. ಒಂದು ಪಟ್ಟಿಯ ಇಂಡೆಂಟ್ (ಅಂಚಿನಿಂದ ಬಿಡುವ ಜಾಗ) ತಿದ್ದಿದರೆ ಹನ್ನೆರಡು ಪುಟ ಆಚೆಗಿನ ಪಟ್ಟಿಯೂ ಸರಿದುಹೋಗುತ್ತಿತ್ತು. ಇನ್ನೊಂದು ಕಡೆ ಅಕ್ಷರಗಳೆಲ್ಲ ಕಪ್ಪು, ಬುಲೆಟ್ ಮಾತ್ರ ಕೆಂಪು. ಅದನ್ನು ಆಯ್ಕೆ ಮಾಡಿ ಬಣ್ಣ ಬದಲಿಸೋಣವೆಂದರೆ ಅಕ್ಷರದಂತೆ ಅದು ಕೈಗೆ ಸಿಗುವುದೇ ಇಲ್ಲ.

ಸಿಗದಿರುವುದಕ್ಕೆ ಕಾರಣವಿದೆ: ಆ ಚುಕ್ಕೆ ಪಠ್ಯದಲ್ಲಿ ಇಲ್ಲವೇ ಇಲ್ಲ. ಒಮ್ಮೆ ಹಟಕ್ಕೆ ಬಿದ್ದು, ಕಡತದ ಒಂದು ನಕಲು ಮಾಡಿ, ಅದರ ಹೆಸರಿನ ಕೊನೆಯನ್ನು ಜಿಪ್ (ಹಲವು ಕಡತಗಳನ್ನು ಒಂದಾಗಿ ಕಟ್ಟಿಡುವ ಬಗೆ) ಎಂದು ಬದಲಿಸಿ ಬಿಚ್ಚಿ ನೋಡಿದೆ. ಪಠ್ಯ ಒಂದು ಕಡತದಲ್ಲಿ, ಪಟ್ಟಿಗಳ ವ್ಯಾಖ್ಯೆ ‘ನಂಬರಿಂಗ್’ ಎಂಬ ಬೇರೊಂದು ಕಡತದಲ್ಲಿ. ಪ್ಯಾರಾದ ಬಳಿ ಇರುವುದು ‘ಇಂಥ ಪಟ್ಟಿ, ಇಂಥ ಹಂತ’ ಎಂಬ ಎರಡು ಅಂಕಿಗಳಷ್ಟೇ. ಹಂತಗಳು, ಅಂದರೆ ಪಟ್ಟಿಯೊಳಗೆ ಪಟ್ಟಿ, ಒಟ್ಟು 9. ಎರಡು ಪಟ್ಟಿಗಳು ಒಂದೇ ವ್ಯಾಖ್ಯೆಯನ್ನು ಹಂಚಿಕೊಂಡಿದ್ದರೆ ಒಂದನ್ನು ಎಳೆದಾಗ ಇನ್ನೊಂದೂ ಬರುವುದು ಸಹಜ. ಬೇರೆ ಕಡೆಯಿಂದ ತಂದು ಪೇಸ್ಟ್ ಮಾಡಿದಾಗಲೆಲ್ಲ ಹೊಸ ವ್ಯಾಖ್ಯೆಗಳೂ ಬಂದು ಸೇರಿಕೊಂಡಿದ್ದವು. ನೋಡಲು ಎಲ್ಲವೂ ಒಂದೇ ಬಗೆಯ ಚುಕ್ಕೆ. ಒಳಗೆ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲ. ಎಣಿಸುವ ತಾಳ್ಮೆ ನನಗೆ ಉಳಿದಿರಲಿಲ್ಲ.

ಕೆಂಪು ಬುಲೆಟ್‌ನ ಗುಟ್ಟು ಪ್ಯಾರಾದ ಕೊನೆಯಲ್ಲಿತ್ತು. ಅಡಗಿರುವ ಚಿಹ್ನೆಗಳನ್ನು ಕಾಣಿಸುವಂತೆ ಮಾಡಿದರೆ ಎಂಟರ್ ಒತ್ತಿದ ಜಾಗದಲ್ಲಿ ಒಂದು ಪ್ಯಾರಾ ಗುರುತು ಕಾಣುತ್ತದೆ. ಬುಲೆಟ್ ತನ್ನ ಬಣ್ಣವನ್ನೂ ಗಾತ್ರವನ್ನೂ ಅದರಿಂದ ಪಡೆಯುತ್ತದೆ. ಆ ಗುರುತನ್ನಷ್ಟೇ ಆಯ್ದು ಫಾರ್ಮ್ಯಾಟ್ ಅಳಿಸಿದೆ, ಕೆಂಪು ಹೋಯಿತು. ಹಾವು ಕಚ್ಚಿದ್ದು ಕಾಲಿಗೆ, ಮದ್ದು ಹಚ್ಚಿದ್ದು ತಲೆಗೆ ಎಂಬಂತೆ ಅಷ್ಟು ದಿನ ನಾನು ಸಾಲಿನ ಆರಂಭದಲ್ಲಿ ಹೆಣಗುತ್ತಿದ್ದೆ.

ಚುಕ್ಕೆಯ ಬದಲು ಖಾಲಿ ಚೌಕ ಕಂಡರೆ ಅದು ಫಾಂಟ್‌ನ ಕೆಲಸ. ಸಿಂಬಲ್, ವಿಂಗ್‌ಡಿಂಗ್ಸ್‌ನಂಥ ಚಿತ್ರಫಾಂಟ್‌ಗಳಿಂದ ಆಯ್ದ ಬುಲೆಟ್, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗಾಗಬಹುದು. ಯುನಿಕೋಡ್‌ನ (ಅಕ್ಷರಗಳಿಗೆ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) U+2022 ಎಂಬ ಸಂಕೇತದ ಸಾದಾ ಚುಕ್ಕೆಗೆ ಬದಲಿಸಿಕೊಂಡ ಮೇಲೆ ನನಗೆ ಆ ತೊಂದರೆ ಬಂದಿಲ್ಲ. ಪಟ್ಟಿಯ ಪ್ಯಾರಾಗಳ ನಡುವಿನ ಅಂತರವನ್ನು 6ರಿಂದ 12 ಪಾಯಿಂಟ್‌ಗೆ ಏರಿಸಿದರೂ ಕದಲದಿದ್ದರೆ, ‘ಒಂದೇ ಸ್ಟೈಲ್‌ನ ಪ್ಯಾರಾಗಳ ನಡುವೆ ಅಂತರ ಬೇಡ’ ಎಂಬ ಅರ್ಥದ ಆಯ್ಕೆಯನ್ನು ರದ್ದುಮಾಡಬೇಕು (ಸ್ಟೈಲ್ ಎಂದರೆ ಹೆಸರು ಕೊಟ್ಟು ಉಳಿಸಿಟ್ಟ ವಿನ್ಯಾಸ). ಇದು ಹೊಳೆಯಲು ನನಗೆ ಎರಡು ವರ್ಷ ಹಿಡಿಯಿತು, ಹೇಳಿಕೊಳ್ಳಲು ನಾಚಿಕೆ.

ಈಗ ಪರದೆಯ ಮೇಲ್ಭಾಗದಲ್ಲಿರುವ ಬುಲೆಟ್ ಗುಂಡಿಯ ಕಡೆಗೆ ಹೋಗುವುದಿಲ್ಲ. ಬುಲೆಟ್‌ಗೆಂದು ಒಂದು ಸ್ಟೈಲ್ ಮಾಡಿಕೊಂಡು, ಇಂಡೆಂಟ್ ಅಳತೆಗಳನ್ನು ಅಲ್ಲಿಯೇ ಬರೆದಿದ್ದೇನೆ. ಹಂತ ಬದಲಿಸಲು ಟ್ಯಾಬ್, ಹಿಂದೆ ಬರಲು ಶಿಫ್ಟ್ ಜೊತೆ ಟ್ಯಾಬ್. ಬುಲೆಟ್ ಇಲ್ಲದ ಹೊಸ ಸಾಲು ಬೇಕಾದರೆ ಶಿಫ್ಟ್ ಹಿಡಿದು ಎಂಟರ್. ಹೊರಗಿನಿಂದ ತರುವುದೆಲ್ಲ ಬರಿಯ ಪಠ್ಯವಾಗಿಯೇ ಒಳಗೆ ಬರಬೇಕು. ಅಡ್ಡಗೆರೆ ಹಾಕಿ ಸ್ಪೇಸ್ ಒತ್ತಿದೊಡನೆ ಕೇಳದೆಯೇ ಪಟ್ಟಿ ಮಾಡಿಕೊಡುವ ಅತಿ ಉಪಚಾರವನ್ನೂ ನಿಲ್ಲಿಸಿದ್ದೇನೆ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಎರಡನ್ನು ಕಡಿತ ಮಾಡಿದ್ದು, ಇಷ್ಟು ದೊಡ್ಡ ವ್ಯವಸ್ಥೆಯನ್ನು ಒಂದು ಪುಟ್ಟ ಗುಂಡಿಯ ಹಿಂದೆ ಬಚ್ಚಿಟ್ಟು ಸುಮ್ಮನಿದ್ದುದಕ್ಕೆ. ಬೇರೆ ತಂತ್ರಾಂಶದಲ್ಲಿ ತೆರೆದರೆ ಮೂರನೆಯ ಹಂತದ ಬುಲೆಟ್ ಇಂದಿಗೂ ಸ್ವಲ್ಪ ಬಲಕ್ಕೆ ಜಾರುತ್ತದೆ. ಓದಿದರೆ ಸಾಕೆನ್ನುವವರಿಗೆ ಪಿಡಿಎಫ್ ಕಳುಹಿಸಿ ಸುಮ್ಮನಾಗುತ್ತೇನೆ.