ಸ್ಟೀರಿಂಗ್ ಲಾಕ್ ಬಿಚ್ಚದಿದ್ದರೆ ಮೊದಲು ಬ್ಯಾಟರಿ ನೋಡಿಸಿ, ಕಾಲಮ್‌ಗೆ ಡ್ರಿಲ್ ಹಾಕಿಸಬೇಡಿ

ಮೈಸೂರಲ್ಲಿ ಬಟನ್ ಸ್ಟಾರ್ಟ್ ಇರುವ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕಾರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಕುವೆಂಪುನಗರದ ಮನೆ ಮುಂದೆ ಕಾರು ನಿಂತಿತ್ತು. ಬಟನ್ ಒತ್ತಿದರೆ ಹಳದಿ ಕೀ ದೀಪ ಮಿನುಗಿತು, ಎಂಜಿನ್ ತಿರುಗಲಿಲ್ಲ, ಸ್ಟೀರಿಂಗ್ ಅಲುಗಾಡಲಿಲ್ಲ. ಗ್ಯಾರೇಜಿನವರು ಬಂದು ದೋಷ ಹುಡುಕುವ ಸ್ಕ್ಯಾನರ್ ಹಾಕಿ, "ಲಾಕ್ ಯೂನಿಟ್ ಹೋಗಿದೆ ಸಾರ್, ಬದಲಾಯಿಸಲೇಬೇಕು" ಅಂದರು. ಬ್ಯಾಟರಿಗೆ ಮೀಟರ್ ಹಿಡಿಯಲೇ ಇಲ್ಲ.

ಈ ಲಾಕ್ ಕೆಲಸ ಮಾಡೋದು ಹೀಗೆ. ಕಾಲಮ್, ಅಂದರೆ ಸ್ಟೀರಿಂಗ್ ಹಿಡಿದಿರುವ ಕಂಬದ ಪಕ್ಕದ ಪುಟ್ಟ ಮೋಟರ್ ಒಂದು ಪಿನ್ನನ್ನು ಒಳಗೆ ತಳ್ಳುತ್ತದೆ, ಹೊರಗೆ ಎಳೆಯುತ್ತದೆ. ಪಿನ್ ಒಳಗಿದ್ದರೆ ಸ್ಟೀರಿಂಗ್ ತಿರುಗುವುದಿಲ್ಲ. ಪಿನ್ ಪೂರ್ತಿ ಹೊರಗೆ ಬಂತು ಅಂತ ಸ್ವಿಚ್ ಹೇಳುವವರೆಗೂ ಕಂಪ್ಯೂಟರ್ ಎಂಜಿನ್ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಬ್ಯಾಟರಿ ಸೊರಗಿದ್ದರೆ ಮೋಟರಿಗೆ ಪಿನ್ ಎಳೆಯುವಷ್ಟು ಬಲ ಸಿಗದೇ ಹೋಗಬಹುದು. ಚಕ್ರ ಫುಟ್‌ಪಾತ್ ಕಲ್ಲಿಗೆ ಒತ್ತಿಕೊಂಡು ನಿಂತಿದ್ದರೂ ಅಷ್ಟೇ, ಪಿನ್ ಬಿಗಿದುಕೊಳ್ಳುತ್ತದೆ. ಎರಡಕ್ಕೂ ಸ್ಕ್ಯಾನರ್ ತೋರಿಸೋದು ಲಾಕ್ ದೋಷವನ್ನೇ. ಸ್ಕ್ಯಾನರ್ ಕೊಡುವ ದೋಷದ ಕೋಡ್ ಒಂದನ್ನೇ ನಂಬಿ ಯೂನಿಟ್ ಬಿಚ್ಚುವುದು ತಪ್ಪು.

ಆ ಯೂನಿಟ್ ಕೂರಿಸಿರುವ ಬೋಲ್ಟ್‌ಗಳ ತಲೆ ಬಿಗಿಯುವಾಗಲೇ ಮುರಿದುಹೋಗುವ ಹಾಗಿರುತ್ತದೆ, ಕಳ್ಳರು ಬಿಚ್ಚಬಾರದು ಅಂತ. ಗ್ಯಾರೇಜಿನವರು ನನ್ನನ್ನು ಒಂದು ಮಾತೂ ಕೇಳದೆ ಡ್ರಿಲ್ ಹಾಕಿದರು. ಕಾಲಮ್ ಮೇಲೆ ಗೀರು ಬಿತ್ತು. ಬೆಂಗಳೂರಿನ ಗುಜರಿಯಿಂದ ಹಳೇ ಯೂನಿಟ್ ತಂದು ಕೂರಿಸಿದರು. ಅದು ಬೇರೆ ಕಾರಿನ ಇಮ್ಮೊಬಿಲೈಸರ್‌ಗೆ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಜೋಡಿಯಾದದ್ದು, ನನ್ನ ಕಾರಿನ ಕಂಪ್ಯೂಟರ್ ಒಪ್ಪಲಿಲ್ಲ. ನಮ್ಮ ಮೂಲ ಯೂನಿಟ್ ಎಲ್ಲಿ ಅಂದರೆ "ಬಿಸಾಕಿದ್ವಿ ಸಾರ್". ಬಿಲ್ ಮಾತ್ರ ಪೂರ್ತಿ ಕೊಟ್ಟರು.

ಕೊನೆಗೆ ಬನ್ನಿಮಂಟಪದ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದು ಮೊದಲು ಮಾಡಿದ್ದೇ ಬ್ಯಾಟರಿಗೆ ಮೀಟರ್ ಹಿಡಿಯುವ ಕೆಲಸ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು. ನನ್ನದು 12ಕ್ಕಿಂತ ಕೆಳಗಿತ್ತು. ಹೊಸ ಬ್ಯಾಟರಿ ಹಾಕಿ, ಹೊಸ ಯೂನಿಟ್ ತರಿಸಿ ಕೋಡಿಂಗ್ ಮಾಡಿದ (ನನ್ನ ಕಾರಿನ ಕಂಪ್ಯೂಟರಿಗೆ ಜೋಡಿಸಿದ) ಮೇಲೆ ಕಾರು ಎದ್ದಿತು. ಮೂಲ ಯೂನಿಟ್ ಸರಿಯಾಗೇ ಇತ್ತಾ? ನೋಡೋಣ ಅಂದರೆ ಅದು ಕೈಯಲ್ಲಿಲ್ಲ, ಅಲ್ವಾ. ಇದೇ ನನಗೆ ಜಾಸ್ತಿ ಸಿಟ್ಟು.

ನಿಮಗೆ ಹೀಗಾದರೆ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸುತ್ತಾ ಬಟನ್ ಒತ್ತಿ. ಕಾಲಮ್ ಕಡೆಯಿಂದ ಮೋಟರ್ ಸದ್ದು ಬರುತ್ತಾ ಕೇಳಿ. ಸದ್ದು ಬಂದೂ ಬಿಚ್ಚದಿದ್ದರೆ ಪಿನ್ ಬಿಗಿದಿರಬಹುದು. ಸದ್ದೇ ಇಲ್ಲದಿದ್ದರೆ ಬ್ಯಾಟರಿ, ಫ್ಯೂಸ್, ವೈರಿಂಗ್ ನೋಡಿಸಿ, ಆಮೇಲೆ ಯೂನಿಟ್ ಮಾತು. ಪಿನ್ ಹೊರಗಿದ್ದಾಗ ಲಾಕಿನ ಫ್ಯೂಸ್ ತೆಗೆದುಬಿಟ್ಟರೆ ಸಾಕು, ಮತ್ತೆ ಲಾಕ್ ಆಗಲ್ಲ ಅಂತ ಕೆಲವರು ಹೇಳುತ್ತಾರೆ. ಎಲ್ಲ ಕಾರಿಗೂ ಅದು ನಡೆಯುವುದಿಲ್ಲ, ಸುಮ್ನೆ ಪ್ರಯೋಗ ಮಾಡಬೇಡಿ. ಅಲ್ಲೇ ಏರ್‌ಬ್ಯಾಗ್ ವೈರೂ ಇದೆ.

ಪಿನ್ ಅರೆದು, ಬಡಿದು ಬಿಡಿಸುತ್ತೇವೆ ಅನ್ನುವವರನ್ನಂತೂ ಹತ್ತಿರ ಸೇರಿಸಬೇಡಿ. ಮುರಿದ ಚೂರು ಒಳಗೇ ಉಳಿದು, ಬೆಂಗಳೂರು ಹೆದ್ದಾರಿಯಲ್ಲಿ ಸ್ಟೀರಿಂಗ್ ಕಚ್ಚಿಕೊಂಡರೆ ಜೀವ ಉಳಿಯುತ್ತಾ? ದೊಡ್ಡ ಕಂಪನಿಗಳೂ ಈ ಲಾಕನ್ನು ಹಗುರವಾಗಿ ತೆಗೆದುಕೊಂಡಿಲ್ಲ. 1997ರಿಂದ 2004ರವರೆಗಿನ ಕಾರ್ವೆಟ್ ಸ್ಪೋರ್ಟ್ಸ್ ಕಾರುಗಳನ್ನು ಇದೇ ಕಾಲಮ್ ಲಾಕ್ ವಿಷಯಕ್ಕೆ ಅಮೆರಿಕದಲ್ಲಿ ರಿಕಾಲ್ ಮಾಡಿದ್ದರು, ಅಂದರೆ ಸರಿಪಡಿಸಲು ಕಂಪನಿಯೇ ವಾಪಸ್ ಕರೆಸಿತ್ತು.

ಲಾಕ್ ಆದ ಕಾರನ್ನು ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆಸಬೇಡಿ, ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಬಿಚ್ಚುವ ಮೊದಲು ವೋಲ್ಟೇಜ್ ಎಷ್ಟಿತ್ತು ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಹಾಕುವ ಯೂನಿಟ್ ಹೊಸದೋ ಹಳೆಯದೋ, ಕೋಡಿಂಗ್ ಯಾರು ಮಾಡುತ್ತಾರೆ, ಇದೂ ಅದರಲ್ಲಿರಲಿ. ಹಳೇ ಯೂನಿಟ್ ಕೈಗೆ ಬಂದ ಮೇಲೇ ದುಡ್ಡು ಕೊಡಿ.