ಹಳೇ 800ರ ಎಂಜಿನ್‌ಗೆ ಮೂರು ಗಾಳಿ ಸೆನ್ಸರ್ ಹಾಕಿ ನೋಡಿದೆ

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕಿತ್ತು, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ನಾನೇ ಕೂರಿಸುತ್ತೇನೆ ಅಂತ ಹೊರಟಾಗ ಕೈಯಲ್ಲಿದ್ದದ್ದು ಹಳೇ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಬೆಳಗಾವಿಯ ಉದ್ಯಮಬಾಗದಲ್ಲಿ ಗೆಳೆಯನ ಲೇಥ್ ಇದೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಅಲ್ಲೇ ತಯಾರಾಯಿತು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಗಾಳಿಯನ್ನು ಅಳೆಯುವುದು ಹೇಗೆ ಅನ್ನೋದೇ ತಲೆನೋವು.

ಮೊದಲು ಗುಜರಿಯಲ್ಲಿ ಸಿಕ್ಕ ಫ್ಲ್ಯಾಪ್ ಮೀಟರ್. ಗಾಳಿ ತಳ್ಳಿದಷ್ಟು ಒಳಗಿನ ರೆಕ್ಕೆ ತೆರೆಯುತ್ತದೆ. ಒಂದೇ ಒಂದು ಬ್ಯಾಕ್‌ಫೈರ್ ಆಯಿತು, ಬೆಂಕಿ ಗಾಳಿಯ ದಾರಿಗೇ ಹಿಂದಕ್ಕೆ ಸಿಡಿದು ರೆಕ್ಕೆ ಸೊಟ್ಟಗಾಯಿತು. ಅದರ ಕಥೆ ಅಷ್ಟೇ.

ಆಮೇಲೆ ಹಾಟ್ ವೈರ್. ಕಾದ ತಂತಿಯನ್ನು ಗಾಳಿ ತಣಿಸುತ್ತದೆ. ಬಿಸಿ ಉಳಿಸಲು ಎಷ್ಟು ಕರೆಂಟ್ ಬೇಕೋ ಅದರಿಂದ ಗಾಳಿಯ ತೂಕವೇ ಗೊತ್ತಾಗುತ್ತದೆ. ಎತ್ತರ, ಸೆಕೆ ಯಾವ ಲೆಕ್ಕವೂ ಬೇಡ. ಓಡುವಾಗ ನಿಜಕ್ಕೂ ಚೆನ್ನಾಗಿತ್ತು. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಸುಮ್ಮನೆ ಓಡುವಾಗ, ಮಾತ್ರ ಕೈಕೊಟ್ಟಿತು. ನಾನು ತಂದದ್ದು ಡೀಸೆಲ್ ಕಾರಿನದ್ದು. ಡೀಸೆಲ್ ಎಂಜಿನ್ ಐಡಲ್‌ನಲ್ಲೂ ಎದೆ ತುಂಬ ಉಸಿರೆಳೆಯುತ್ತದೆ. ನನ್ನದು ಆಗ ಗಂಟೆಗೆ ಏಳೆಂಟು ಕೆಜಿ ಗಾಳಿ ಕುಡಿದರೆ ಜಾಸ್ತಿ. ಮೀಟರಿನ ತಳದಲ್ಲೇ ರೀಡಿಂಗ್ ಒದ್ದಾಡುತ್ತಿತ್ತು. ಸಾಲದ್ದಕ್ಕೆ ನಮ್ಮ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿತ್ತು. ಮೀಟರ್ ದಾಟಿದ ಮೇಲೆ ನುಗ್ಗುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಸೋರುವ ಜಾಗ ಹುಡುಕುವುದರಲ್ಲೇ ಎರಡು ಭಾನುವಾರ ಹೋದವು.

ಕೊನೆಗೆ ಮ್ಯಾಪ್ ಸೆನ್ಸರ್, ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡುವಂಥದ್ದು. ಒಂದು ಪುಟ್ಟ ಡಬ್ಬಿ, ಮ್ಯಾನಿಫೋಲ್ಡ್‌ಗೆ ಒಂದು ಪೈಪು, ಜೊತೆಗೆ ಗಾಳಿಯ ಬಿಸಿ ನೋಡಲು ಇನ್ನೊಂದು ಸೆನ್ಸರ್. ಎಂಜಿನ್ ಆಫ್ ಇದ್ದಾಗ ಎತ್ತರದಲ್ಲಿರುವ ಬೆಳಗಾವಿಯಲ್ಲಿ 93 ಕಿಲೋಪಾಸ್ಕಲ್ ಆಸುಪಾಸು ತೋರಿಸಿತು. ಚೋರ್ಲಾ ಘಾಟ್ ಇಳಿದು ಗೋವಾ ಕಡೆ ನಿಲ್ಲಿಸಿದಾಗ ನೂರರ ಹತ್ತಿರ. ಇದಕ್ಕೆ ಸೋರಿಕೆಯ ಗೊಡವೆ ಕಡಿಮೆ. ಗಾಳಿ ಎಲ್ಲಿಂದ ನುಗ್ಗಿದರೂ ಒಳಗಿನ ಒತ್ತಡ ಏರುತ್ತದೆ, ಪೆಟ್ರೋಲೂ ಏರುತ್ತದೆ. ಐಡಲ್ ಸ್ವಲ್ಪ ಜಾಸ್ತಿಯಾಯಿತು, ಆದರೆ ಕೆಮ್ಮಲಿಲ್ಲ. ಮೂರು ಸಿಲಿಂಡರಿನ ಎಳೆತಕ್ಕೆ ರೀಡಿಂಗ್ ಕುಣಿಯುತ್ತಿತ್ತು. ಕಿತ್ತೆಸೆದ ಕಾರ್ಬ್ಯುರೇಟರಿನ ಜೆಟ್ ಒಂದನ್ನು, ಅಂದರೆ ಸಣ್ಣ ತೂತಿನ ಬಿಡಿಭಾಗವನ್ನು, ಪೈಪಿನೊಳಗೆ ತುರುಕಿದೆ, ತಣ್ಣಗಾಯಿತು. ಆ ಕಾರ್ಬ್ಯುರೇಟರ್ ಕೊನೆಗೂ ಉಪಯೋಗಕ್ಕೆ ಬಂತು!

ಆದರೆ ಮ್ಯಾಪ್ ಗಾಳಿಯನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಯಾವ ಆರ್‌ಪಿಎಂ, ಯಾವ ಒತ್ತಡಕ್ಕೆ ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅನ್ನುವ ಟೇಬಲ್ ನಾವೇ ತುಂಬಬೇಕು. ವೆಂಗುರ್ಲಾ ರಸ್ತೆಯಲ್ಲಿ ಎಷ್ಟೋ ಸಂಜೆ ಇದಕ್ಕೇ ಹೋದವು. ಮೊನ್ನೆ ಸೈಲೆನ್ಸರ್ ಬದಲಿಸಿದೆ, ಮೇಲಿನ ಆರ್‌ಪಿಎಂ ಸಾಲುಗಳೆಲ್ಲ ತಪ್ಪಿದವು. ಹಾಟ್ ವೈರ್ ಇದ್ದಿದ್ದರೆ ತಾನೇ ಸರಿ ಮಾಡಿಕೊಳ್ಳುತ್ತಿತ್ತು ಅಂತ ಗೆಳೆಯ ಚುಚ್ಚಿದ. ಗ್ಯಾಸ್ಕೆಟ್ ಕತ್ತರಿಸಿದ್ದು ಯಾರು ಅಂತ ಕೇಳಿದೆ. ಸುಮ್ನಾದ.